ಚೆಂಡು ಎಸೆದಿದ್ದು ಸಾಕು, ಬ್ರೂನೋನ ಮೂಗಿಗೆ ಕೆಲಸ ಕೊಡಿ

ಪ್ರಶ್ನೆ: ನಮ್ಮದು ರಾಯಚೂರು. ಮನೆಯಲ್ಲಿ 14 ತಿಂಗಳ ಗಂಡು ಲ್ಯಾಬ್ರಡಾರ್ ಇದೆ, ಹೆಸರು ಬ್ರೂನೋ. ನಾನು ಶಾಲೆಯಲ್ಲಿ ಟೀಚರ್, ಯಜಮಾನರಿಗೆ ಶಕ್ತಿನಗರದಲ್ಲಿ ಕೆಲಸ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ ಮನೆಯಲ್ಲಿ ಮಾವನವರು ಮಾತ್ರ. ಅವರಿಗೆ ಮೊಣಕಾಲು ನೋವು, ನಾಯಿ ಹಿಂದೆ ಓಡಾಡಲು ಆಗಲ್ಲ. ದಿನಾ ಸಂಜೆ ಒಂದು ತಾಸು ಚೆಂಡು ಎಸೆದು ಆಡಿಸುತ್ತೇವೆ. ಆದರೂ ಚಪ್ಪಲಿ, ಸೋಫಾದ ಮೂಲೆ, ಚಾರ್ಜರ್ ವೈರು ಯಾವುದನ್ನೂ ಬಿಡಲ್ಲ. ಹೂವಿನ ಕುಂಡ ಎಲ್ಲ ಕೆದರಿ ಹಾಕಿದ್ದಾನೆ. ಡಾಕ್ಟರ್ ಆರೋಗ್ಯ ಚೆನ್ನಾಗಿದೆ ಅಂದರು. ಆಟಿಕೆ ತಂದರೆ ಎರಡು ದಿನ ಆಡ್ತಾನೆ, ಆಮೇಲೆ ಮೂಸಿ ಕೂಡ ನೋಡಲ್ಲ. ಮಾವನವರು ಸರಪಳಿ ಹಾಕಿ ಕಟ್ಟಿಬಿಡಿ ಅಂತಾರೆ. ನಾದಿನಿ ಇನ್ನೊಂದು ನಾಯಿ ತನ್ನಿ ಅಂತಾಳೆ. ಬೇಸಿಗೆ ಬೇರೆ ಶುರುವಾಗಿದೆ. ಯಾವ ಆಟಿಕೆ ತರಬೇಕು, ಎಷ್ಟು ಹೊತ್ತು ಆಡಿಸಬೇಕು ಹೇಳ್ತೀರಾ?

ಉತ್ತರ: ಆಟಿಕೆ ಅಂಗಡಿಗೆ ಹೋಗುವುದನ್ನು ಸ್ವಲ್ಪ ದಿನ ಮುಂದೂಡಿ. ನಿಮಗೆ ಬೇಕಾದ ಸಾಮಾನು ಬಹುಪಾಲು ಮನೆಯಲ್ಲೇ ಇದೆ. ಮೊದಲು ಆ ಚೆಂಡಿನ ವಿಷಯ ಮಾತಾಡೋಣ, ಯಾಕಂದ್ರೆ ಅರ್ಧ ತೊಂದರೆ ಅಲ್ಲೇ ಇದೆ.

ದಿನಾ ಒಂದು ತಾಸು ಓಡಿಸಿದರೆ ನಾಯಿ ದಣಿದು ಸುಮ್ನೆ ಬಿದ್ದುಕೊಳ್ಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಹೊತ್ತಿಗೆ ದಣಿಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಹೀಗೆ ಓಡಿದ ನಾಯಿಗೆ ದಮ್ಮು ಬೆಳೆಯುತ್ತದೆ. ಮೊದಲು ಅರ್ಧ ತಾಸಿಗೆ ನಾಲಿಗೆ ಚಾಚುತ್ತಿದ್ದವನಿಗೆ ಈಗ ಒಂದು ತಾಸೂ ಸಾಲಲ್ಲ. ನೀವೇ ಅವನಿಗೆ ತಾಲೀಮು ಕೊಟ್ಟು ಗಟ್ಟಿ ಮಾಡುತ್ತಿದ್ದೀರಿ.

ಇನ್ನೊಂದು ವಿಷಯ. ಚೆಂಡಿನ ಆಟದಲ್ಲಿ ಯೋಚನೆ ಮಾಡುವ ಕೆಲಸವೇ ಇಲ್ಲ. ಎಸೆದಿರಿ, ಓಡಿದ, ತಂದ. ಮತ್ತೆ ಎಸೆದಿರಿ. ಹತ್ತನೇ ಸಲಕ್ಕೂ ಐವತ್ತನೇ ಸಲಕ್ಕೂ ವ್ಯತ್ಯಾಸ ಇಲ್ಲ, ಉದ್ರೇಕ ಮಾತ್ರ ಏರುತ್ತಾ ಹೋಗುತ್ತದೆ. ಮನೆಯೊಳಗೆ ಬಂದ ಮೇಲೂ ಆ ಗುಂಗು ಬೇಗ ಇಳಿಯುವುದಿಲ್ಲ. ನೀವು ಒಂದು ವಾರ ಗಮನಿಸಿ ನೋಡಿ: ಸೋಫಾ ಹರಿಯುವುದು ಎಷ್ಟು ಸಲ ಆಟ ಮುಗಿದ ಸ್ವಲ್ಪ ಹೊತ್ತಿಗೇ ಆಗುತ್ತದೆ ಅಂತ. ಇದರ ಜೊತೆಗೆ ಓಡುತ್ತಾ ಗಕ್ಕನೆ ನಿಲ್ಲುವುದು, ಹಾರಿ ಗಾಳಿಯಲ್ಲೇ ತಿರುಗುವುದು, ನುಣುಪು ಟೈಲ್ಸ್ ಮೇಲೆ ಜಾರುವುದು. ಲ್ಯಾಬ್‌ಗಳಿಗೆ ಸೊಂಟದ ಕೀಲು, ಮುಂಗಾಲಿನ ಕೀಲಿನ ತೊಂದರೆ ಮೊದಲೇ ಜಾಸ್ತಿ. ಅದಕ್ಕೆ ನಾವು ಕೈಜೋಡಿಸುವುದು ಬೇಡ.

ನಮ್ಮ ರಾಯಚೂರು, ಕೊಪ್ಪಳದ ಕಡೆ ಕುರಿ ಹಿಂಡಿನ ಜೊತೆ ಹೋಗುವ ನಾಯಿಗಳನ್ನು ನೀವು ನೋಡಿರುತ್ತೀರಿ. ಅವು ದಿನವಿಡೀ ಓಡುವುದಿಲ್ಲ. ಬಹುಪಾಲು ಹೊತ್ತು ನಿಧಾನ ನಡಿಗೆ, ನೆಲ ಮೂಸುವುದು, ಗಾಳಿಗೆ ಮೂಗು ಎತ್ತುವುದು, ದೂರದ ಜಾಲಿ ಪೊದೆ ಕಡೆ ಕಿವಿ ನೆಟ್ಟು ನಿಲ್ಲುವುದು. ಈ ಭಾಗದಲ್ಲಿ ತೋಳ ಇನ್ನೂ ಇವೆ, ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮವೇ ಇದೆ. ಹಾಗಾಗಿ ಆ ನಾಯಿಗೆ ಹೆಜ್ಜೆ ಹೆಜ್ಜೆಗೂ ತೀರ್ಮಾನ ಮಾಡುವ ಕೆಲಸ: ಇದು ಯಾವ ವಾಸನೆ, ಬೊಗಳಬೇಕಾ, ಸುಮ್ಮನಿರಬೇಕಾ? ಕುರಿಗಾರರ ಚಪ್ಪಲಿ, ಕಂಬಳಿ ಪಕ್ಕದಲ್ಲೇ ಬಿದ್ದಿದ್ದರೂ ಅದು ಅವುಗಳ ತಂಟೆಗೆ ಹೋಗುವುದು ಅಪರೂಪ. ಅಷ್ಟು ಬಿಡುವು ಅದಕ್ಕೆಲ್ಲಿ?

ಬ್ರೂನೋನದೂ ದುಡಿಯುವ ತಳಿಯೇ. ಲ್ಯಾಬ್‌ಗಳ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ಇದ್ದವು. ನೀರಿಗೆ ಹಾರಿ ಬಲೆ ಎಳೆದು ತರುವುದು, ತಪ್ಪಿಸಿಕೊಂಡ ಮೀನು ಹಿಡಿದು ತರುವುದು ಅವುಗಳ ಕೆಲಸ. ಆಮೇಲೆ ಇಂಗ್ಲೆಂಡ್, ಸ್ಕಾಟ್ಲೆಂಡಿನ ಬೇಟೆಗಾರರು ಗುಂಡಿಗೆ ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲು ಊರದೆ ತಂದುಕೊಡಲೆಂದು ಈ ತಳಿಯನ್ನು ಬೆಳೆಸಿದರು. ಅಂದರೆ ಮೂಗಿನಿಂದ ಹುಡುಕುವುದು, ಬಾಯಲ್ಲಿ ಹೊರುವುದು, ಇವೆರಡು ಅವನ ರಕ್ತದಲ್ಲೇ ಇವೆ. ನಿಮ್ಮ ಚಪ್ಪಲಿ ಕಚ್ಚಿಕೊಂಡು ಮನೆಯೆಲ್ಲ ಸುತ್ತುವುದು ಅವನ ಲೆಕ್ಕದಲ್ಲಿ ತಪ್ಪಲ್ಲ, ಡ್ಯೂಟಿ. ನೀವು ಬೇರೆ ಡ್ಯೂಟಿ ಹಾಕಿಲ್ಲ, ಅದಕ್ಕೆ ಅವನೇ ಒಂದು ಹಾಕಿಕೊಂಡಿದ್ದಾನೆ.

ವಯಸ್ಸೂ ಅಂಥದ್ದೇ. 14 ತಿಂಗಳು ಅಂದರೆ ನಮ್ಮಲ್ಲಿ ಹೈಸ್ಕೂಲ್ ಹುಡುಗರ ವಯಸ್ಸು. ಮೈ ದೊಡ್ಡದಾಗಿದೆ, ಬುದ್ಧಿ ಇನ್ನೂ ಬಲಿಯುತ್ತಿದೆ. ಎರಡು ವರ್ಷದ ಹೊತ್ತಿಗೆ ತಾನಾಗಿಯೇ ಸ್ವಲ್ಪ ತಣ್ಣಗಾಗುತ್ತಾನೆ. ಅಲ್ಲಿಯವರೆಗೆ ಸೋಫಾ ಉಳಿಯಬೇಕಲ್ಲ, ಅದಕ್ಕೆ ಮೂಗನ್ನು ಬಳಸಿಕೊಳ್ಳೋಣ.

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50–60 ಲಕ್ಷ. ನಾಯಿಯಲ್ಲಿ ಅವು 20 ಕೋಟಿ ದಾಟುತ್ತವೆ. ಮೂಸುವಾಗ ನಾಯಿ ಒಂದು ಸೆಕೆಂಡಿಗೆ ಐದು ಸಲದಂತೆ ಗಾಳಿ ಎಳೆದುಕೊಳ್ಳುತ್ತದೆ. ಇಷ್ಟನ್ನೂ ವಿಂಗಡಿಸಿ ಅರ್ಥ ಮಾಡಿಕೊಳ್ಳಬೇಕಾದದ್ದು ಮಿದುಳು. ಹತ್ತು ನಿಮಿಷ ಮನಸ್ಸಿಟ್ಟು ಹುಡುಕಿದ ನಾಯಿ ನೀರು ಕುಡಿದು ಕಾಲು ಚಾಚಿ ಮಲಗುವುದು ಇದಕ್ಕೇ. 2019ರಲ್ಲಿ ಡ್ಯುರಾಂಟನ್ ಮತ್ತು ಹೊರೊವಿಟ್ಜ್ ಎಂಬ ಇಬ್ಬರು ಸಂಶೋಧಕಿಯರು ಒಂದು ಪ್ರಯೋಗ ಪ್ರಕಟಿಸಿದರು. ಸಾಕುನಾಯಿಗಳ ಒಂದು ಗುಂಪಿಗೆ ಎರಡು ವಾರ ಮೂಸಿ ಹುಡುಕುವ ಆಟ, ಇನ್ನೊಂದು ಗುಂಪಿಗೆ ಮಾಲೀಕರ ಕಾಲಿನ ಪಕ್ಕದಲ್ಲೇ ನಡೆಯುವ ತರಬೇತಿ. ಎರಡರಲ್ಲೂ ತಿಂಡಿ ಸಿಗುತ್ತಿತ್ತು. ಆಮೇಲೆ ತಿಂಡಿ ಇದೆಯೋ ಇಲ್ಲವೋ ಗೊತ್ತಾಗದ ಜಾಗದಲ್ಲಿ ಒಂದು ಬಟ್ಟಲು ಇಟ್ಟರು. ಮೂಗಿನ ಆಟ ಆಡಿದ ನಾಯಿಗಳು ಅದರ ಹತ್ತಿರ ಮೊದಲಿಗಿಂತ ಬೇಗ ಹೋದವು. ಇನ್ನೊಂದು ಗುಂಪಿನಲ್ಲಿ ಬದಲಾವಣೆ ಕಾಣಲಿಲ್ಲ. ಸಿಗುತ್ತದೆ ಅನ್ನುವ ಭರವಸೆ ಆ ನಾಯಿಗಳಲ್ಲಿ ಹೆಚ್ಚಿತ್ತು ಅಂತ ಅವರು ಇದನ್ನು ವಿವರಿಸಿದರು.

ಈಗ ಆಟಕ್ಕೆ ಬರೋಣ. ಮನೆಯಲ್ಲಿ ಹಳೇ ಕೌದಿ ಇದೆಯಾ? ಸೀರೆ, ಧೋತರದ ತುಂಡು ಸೇರಿಸಿ ಹೊಲಿದ ನಮ್ಮ ಕೌದಿಗಿಂತ ಒಳ್ಳೇ ಹುಡುಕಾಟದ ಹಾಸು ಯಾವ ಅಂಗಡಿಯಲ್ಲೂ ಸಿಗಲ್ಲ. ದಾರ ಕಿತ್ತು ಜೋತಾಡುತ್ತಿದ್ದರೆ ಮೊದಲು ಕತ್ತರಿಸಿ. ಬ್ರೂನೋನ ಬೆಳಗಿನ ಊಟದಲ್ಲಿ ಒಂದು ಹಿಡಿ ಡಾಗ್‌ಫುಡ್ ಕಾಳು ತೆಗೆದುಕೊಳ್ಳಿ. ಮೊದಲ ದಿನ ಕೌದಿ ಹಾಸಿ, ಅವನ ಕಣ್ಣೆದುರೇ ಮೇಲೆ ಚೆಲ್ಲಿ, ‘ಹುಡುಕು’ ಅನ್ನಿ. ಸುಲಭವಾಗಿ ಸಿಗಲಿ. ಮರುದಿನ ಒಂದು ಮಡಿಕೆ. ಆಮೇಲೆ ಎರಡು ಮಡಿಕೆ, ನಡುನಡುವೆ ಗಂಟು ಗಂಟಾಗಿ ಮುದುಡಿದ್ದು. ವಾರದ ಕೊನೆಗೆ ಸುರುಳಿ ಸುತ್ತಿ ಇಡಿ.

ಅವನು ಹುಡುಕುವಾಗ ಫೋನ್ ಬದಿಗಿಟ್ಟು ಸ್ವಲ್ಪ ನೋಡಿ. ಮೊದಲು ಮುಂಗಾಲಿನಿಂದ ಕೆರೆಯುತ್ತಾನೆ, ಅದು ಆತುರ. ಆಮೇಲೆ ಕಾಲು ನಿಲ್ಲುತ್ತದೆ, ಮೂಗು ಬಟ್ಟೆಗೆ ಅಂಟುತ್ತದೆ, ಸುಸುಸು ಅಂತ ಉಸಿರಿನ ಸದ್ದು ನಿಮಗೇ ಕೇಳಿಸುತ್ತದೆ. ವಾಸನೆ ದಾಟಿ ಒಂದು ಗೇಣು ಮುಂದೆ ಹೋದರೆ ತಲೆ ಥಟ್ಟನೆ ಹಿಂದಕ್ಕೆ ತಿರುಗುತ್ತದೆ. ಆ ತಿರುವು ಬಂತು ಅಂದರೆ ಅವನು ಕಣ್ಣನ್ನು ನೆಚ್ಚದೆ ಮೂಗಿನಿಂದ ಕೆಲಸ ಮಾಡುತ್ತಿದ್ದಾನೆ ಅಂತ ಅರ್ಥ. ಆಗ ನೀವು ಬೆರಳು ತೋರಿಸಿ ಸಹಾಯ ಮಾಡಬೇಡಿ. ನಮಗೆ ತಡೆಯಲಾಗಲ್ಲ, ‘ಇಲ್ಲಿದೆ ನೋಡೋ’ ಅಂದುಬಿಡುತ್ತೇವೆ. ಹಾಗೆ ಅಂದರೆ ಮುಂದಿನ ಸಲ ಅವನು ಹುಡುಕುವ ಬದಲು ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾನೆ. ನಿಜವಾಗಲೂ ಸೋತರೆ, ಅಂದರೆ ಬಿಟ್ಟು ಹೊರಟರೆ ಅಥವಾ ಕೌದಿಯನ್ನೇ ಕಚ್ಚಲು ಹೊರಟರೆ, ಒಂದು ಮಡಿಕೆ ಬಿಚ್ಚಿ ಸುಲಭ ಮಾಡಿ. ಆಟ ಮುಗಿದ ಮೇಲೆ ಕೌದಿ ಮಡಚಿ ಮೇಲೆ ಇಟ್ಟುಬಿಡಿ. ಬಟ್ಟೆ ತುಂಡು ನುಂಗುವ ಚಾಳಿ ಲ್ಯಾಬ್‌ಗಳಿಗೆ ಇರುತ್ತದೆ. ಅದು ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ.

ಈ ಆಟಕ್ಕೆ ನಿಮ್ಮ ಮಾವನವರೇ ಸರಿಯಾದ ಮನುಷ್ಯ. ಕುರ್ಚಿಯಿಂದ ಏಳಬೇಕಾಗಿಲ್ಲ. ನೀವು ಶಾಲೆಗೆ ಹೋಗುವ ಮುಂಚೆ ಕಾಳನ್ನು ಮೂರ್ನಾಲ್ಕು ಡಬ್ಬಿಯಲ್ಲಿ ಹಾಕಿ ಅವರ ಪಕ್ಕದಲ್ಲಿ ಇಟ್ಟುಹೋಗಿ. ಹನ್ನೊಂದು ಗಂಟೆಗೆ ಒಂದು ಡಬ್ಬಿ, ಎರಡೂವರೆಗೆ ಇನ್ನೊಂದು. ಪಡಸಾಲೆಯಲ್ಲಿ ಕೂತಲ್ಲಿಂದಲೇ ಕಾಳು ಚೆಲ್ಲಿ ‘ಹುಡುಕು’ ಅಂದರೆ ಸಾಕು. ಊಟ ಕೊಡುವ ಕೈ ಅವರದಾದರೆ ಅವರ ಮಾತನ್ನೂ ಕೇಳತೊಡಗುತ್ತಾನೆ. ಸರಪಳಿಯ ಮಾತು ಆಮೇಲೆ ಎಷ್ಟು ಉಳಿಯುತ್ತದೆ ನೋಡೋಣ.

ಅಡುಗೆಮನೆಯಲ್ಲಿ ಪಡ್ಡಿನ ಹಂಚು ಇರಬೇಕಲ್ಲ? ಹಳೇ ಬೀಡಿನದ್ದು ಆದರೆ ಒಳ್ಳೇದು, ನಾನ್‌ಸ್ಟಿಕ್ ಬೇಡ, ಅದರ ಲೇಪ ಉಗುರಿಗೆ ಕಿತ್ತುಬರುತ್ತದೆ. ಐದಾರು ಗುಂಡಿಯಲ್ಲಿ ಕಾಳು ಹಾಕಿ, ಎಲ್ಲ ಗುಂಡಿಗೂ ಟೆನಿಸ್ ಚೆಂಡು ಮುಚ್ಚಿ. ಗುಂಡಿ ಹತ್ತಿರ ಹತ್ತಿರ ಇದ್ದರೆ ಚೆಂಡು ಕೂರಲ್ಲ, ಆಗ ಒಂದು ಬಿಟ್ಟು ಒಂದು ಮುಚ್ಚಿ. ಯಾವ ಚೆಂಡಿನ ಕೆಳಗೆ ಊಟ ಇದೆ, ಅದನ್ನು ಎತ್ತಬೇಕಾ, ತಳ್ಳಬೇಕಾ, ಇಷ್ಟು ಲೆಕ್ಕ ಅವನೇ ಹಾಕಬೇಕು. ಚೆಂಡು ಪ್ರಿಯನಾದ ಅವನಿಗೆ ಇಲ್ಲೊಂದು ಪೇಚು ಕೂಡ ಇದೆ: ಚೆಂಡು ಹಿಡಿದುಕೊಂಡು ಓಡಬೇಕಾ, ಅದನ್ನು ಬಿಟ್ಟು ಕಾಳು ತಿನ್ನಬೇಕಾ? ನೋಡಲು ಮಜಾ ಇರುತ್ತದೆ.

ರಟ್ಟಿನ ಡಬ್ಬ ಬಂದರೆ ಎಸೆಯಬೇಡಿ. ಪಿನ್ನು, ಅಂಟುಪಟ್ಟಿ ಕಿತ್ತು ಒಳಗೆ ಕಾಗದದ ಉಂಡೆ, ನಡುವೆ ನಾಲ್ಕು ಕಾಳು ಹಾಕಿ ಕೊಡಿ. ಹರಿದು ಚಿಂದಿ ಮಾಡಲಿ. ಹರಿಯುವ ಆಸೆ ಅಲ್ಲಿ ತೀರುತ್ತದೆ. ನುಂಗುತ್ತಿದ್ದಾನೆ ಅನ್ನಿಸಿದರೆ ಮಾತ್ರ ಈ ಆಟ ನಿಲ್ಲಿಸಿ.

ಒಂದು ಎಚ್ಚರಿಕೆ. ಆಟದ ತಿಂಡಿಯೆಲ್ಲ ದಿನದ ಊಟದಿಂದಲೇ ತೆಗೆದದ್ದಾಗಿರಬೇಕು, ಮೇಲಿನದ್ದಲ್ಲ. ಲ್ಯಾಬ್‌ಗಳಿಗೆ ಹೊಟ್ಟೆ ತುಂಬಿತು ಅನ್ನುವುದೇ ಕೆಲವು ಸಲ ಗೊತ್ತಾಗುವುದಿಲ್ಲ. ಸುಮ್ನೆ ಹೇಳುತ್ತಿಲ್ಲ. ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನ್‌ನಲ್ಲೇ ಬದಲಾವಣೆ ಇದೆ ಅಂತ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ. ಅದಕ್ಕೇ ತಿಂಡಿಯ ಆಟ ಲ್ಯಾಬ್‌ಗೆ ಇಷ್ಟು ಬೇಗ ಹಿಡಿಸುತ್ತದೆ, ಅದಕ್ಕೇ ಬೇಗ ದಪ್ಪವೂ ಆಗುತ್ತದೆ.

ನಮ್ಮ ತಿಂಡಿಗಳಲ್ಲಿ ಯಾವುದು ನಡೆಯುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಕಟಕ್ ಜೋಳದ ರೊಟ್ಟಿಯ ಚೂರು, ಸವತೆಕಾಯಿ, ಬೀಜ ತೆಗೆದ ಕಲ್ಲಂಗಡಿ, ಹುರಿದ ಉಪ್ಪಿಲ್ಲದ ಶೇಂಗಾ ನಾಲ್ಕೈದು ಕಾಳು, ಇವು ಪರವಾಗಿಲ್ಲ. ಬರೀ ಮಂಡಾಳು ಹುಡುಕಿಸಲು ಚೆನ್ನ, ಹಗುರ. ಆದರೆ ಉಪ್ಪು ಹಾಕಿರುತ್ತಾರೆ, ಒಂದು ಸಣ್ಣ ಹಿಡಿ ದಾಟಬೇಡಿ. ಒಗ್ಗರಣೆ ಹಾಕಿದ ಮಂಡಾಳು ಮಾತ್ರ ಬೇಡವೇ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಶೇಂಗಾ ಚಟ್ನಿಪುಡಿ ಸವರಿದ ರೊಟ್ಟಿಯೂ ಅದೇ ಕಾರಣಕ್ಕೆ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಲ್ಲವು. ಚಾಕೊಲೇಟ್ ಮತ್ತು ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ವಿಷ. ಬೇಸಿಗೆಯಲ್ಲಿ ಇನ್ನೆರಡು ಸೇರಿಸಿಕೊಳ್ಳಿ: ಚೀಪಿ ಎಸೆದ ಮಾವಿನ ಓಟೆ, ತಿಂದು ಬಿಟ್ಟ ಮೆಕ್ಕೆಜೋಳದ ದಿಂಡು. ಎರಡನ್ನೂ ನಾಯಿ ಇಡಿಯಾಗಿ ನುಂಗುತ್ತದೆ, ಎರಡೂ ಕರುಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಸದ ಡಬ್ಬಿಗೆ ಮುಚ್ಚಳ ಇರಲಿ.

ಈಗ ಜಗಿಯುವ ವಿಷಯ. ಆಟಿಕೆ ಅಂತ ಒಂದೇ ಒಂದು ಕೊಳ್ಳುವುದಾದರೆ ಒಳಗೆ ಟೊಳ್ಳಿರುವ, ಗಟ್ಟಿ ರಬ್ಬರಿನ, ಊಟ ತುಂಬಿಸುವ ಆಟಿಕೆ ಕೊಳ್ಳಿ. ಬಾಯಲ್ಲಿ ಪೂರ್ತಿ ಹಿಡಿಯದಷ್ಟು ದೊಡ್ಡದಿರಲಿ. ಅದರಲ್ಲಿ ಮೆತ್ತಗಿನ ಅನ್ನ, ಮೊಸರು, ಬೇಯಿಸಿದ ಕೋಳಿಯ ಎಳೆ ತುಂಬಿಸಿ ರಾತ್ರಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ನೀವು ಮನೆ ಬಿಡುವ ಹತ್ತು ನಿಮಿಷ ಮುಂಚೆ ಕೊಡಿ. ನೆಕ್ಕುವುದು, ಜಗಿಯುವುದು ನಾಯಿಯನ್ನು ಸಮಾಧಾನ ಮಾಡುತ್ತದೆ. ಎಷ್ಟು ಗಟ್ಟಿ ಇರಬೇಕು ಅನ್ನಲು ಒಂದು ಪರೀಕ್ಷೆ ಇದೆ: ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪವಾದರೂ ತಗ್ಗು ಬೀಳಬೇಕು. ಬೀಳದಿದ್ದರೆ ಅದು ಹಲ್ಲು ಸೀಳುತ್ತದೆ. ಬೆಂದ ಮೂಳೆ ಎಂದೂ ಕೊಡಬೇಡಿ, ಚೂಪಾಗಿ ಒಡೆಯುತ್ತದೆ. ಕಿನ್ನಾಳದ ಮರದ ಆಟಿಕೆ ನಾಯಿಗೆ ಕೊಡಬಹುದಾ ಅಂತಲೂ ನನ್ನನ್ನು ಕೇಳಿದವರಿದ್ದಾರೆ. ಅಷ್ಟು ಚೆಂದದ ಬಣ್ಣದ ಗೊಂಬೆ ಶೋಕೇಸಿನಲ್ಲೇ ಇರಲಿ. ಹಗುರ ಮರ, ಬಣ್ಣದ ಲೇಪ, ಎರಡೂ ನಾಯಿ ಬಾಯಿಗಲ್ಲ.

ಎರಡು ದಿನಕ್ಕೆ ಆಟಿಕೆ ಯಾಕೆ ಬೇಜಾರಾಗುತ್ತದೆ ಅಂದಿರಿ. ಅದರ ವಾಸನೆ, ಸದ್ದು, ರುಚಿ ಎಲ್ಲ ಗೊತ್ತಾಗಿಹೋಯಿತು, ಇನ್ನೇನಿದೆ? ಈಗ ಇರುವ ಆಟಿಕೆಗಳಲ್ಲಿ ಎರಡನ್ನು ಮಾತ್ರ ಹೊರಗಿಡಿ. ಉಳಿದವನ್ನು ಒಂದು ಚೀಲದಲ್ಲಿ ಕಟ್ಟಿ ಬೀರುವಿನ ಮೇಲೆ ಹಾಕಿ. ಮೂರ್ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಹಳೇದೇ ಹೊಸದಾಗಿ ಕಾಣುತ್ತದೆ.

ಚೆಂಡನ್ನು ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ, ಅವನಿಗೆ ಅದು ಪ್ರಾಣ. ಎಸೆತ ಎಂಟು-ಹತ್ತಕ್ಕೆ ಇಳಿಸಿ, ನಡುವೆ ಕೆಲಸ ತುಂಬಿ. ಕೂರಿಸಿ, ಚೆಂಡು ಎಸೆದು, ಅದು ನಿಂತ ಮೇಲೆ ಬಿಡಿ. ಕಣ್ಣೆದುರು ಉರುಳುವ ಚೆಂಡನ್ನು ನೋಡುತ್ತಾ ಕಾಯುವುದು ಅವನಿಗೆ ಓಡುವುದಕ್ಕಿಂತ ದೊಡ್ಡ ಕಸರತ್ತು. ಆಮೇಲೆ ಅವನನ್ನು ಒಳಗೆ ಬಿಟ್ಟು, ಚೆಂಡನ್ನು ಕುಂಡದ ಹಿಂದೆ, ಸ್ಕೂಟರಿನ ಕೆಳಗೆ, ಗೋಣಿಚೀಲದ ಅಡಿ ಬಚ್ಚಿಟ್ಟು ಹುಡುಕಿಸಿ. ಲ್ಯಾಬ್‌ನ ಅಸಲಿ ಕೆಲಸ ಇದು. ಎಸೆಯುವುದಕ್ಕಿಂತ ಹುಡುಕಿಸುವುದು ಜಾಸ್ತಿ ಆಗುವವರೆಗೆ ನಿಧಾನಕ್ಕೆ ಬದಲಿಸುತ್ತಾ ಹೋಗಿ.

ಹಗ್ಗ ಜಗ್ಗುವ ಆಟ ಆಡಿದರೆ, ಅದರಲ್ಲೂ ನಾಯಿಗೆ ಗೆಲ್ಲಲು ಬಿಟ್ಟರೆ, ಅದು ತಲೆ ಮೇಲೆ ಕೂರುತ್ತದೆ ಅನ್ನುವ ಮಾತು ನಮ್ಮಲ್ಲಿ ಬಲವಾಗಿದೆ. ನಾನು ಒಪ್ಪುವುದಿಲ್ಲ. ರೂನಿ ಮತ್ತು ಬ್ರಾಡ್‌ಶಾ ಅನ್ನುವ ಸಂಶೋಧಕರು 2002ರಲ್ಲಿ 14 ಗೋಲ್ಡನ್ ರಿಟ್ರೀವರ್‌ಗಳ ಜೊತೆ ಇದನ್ನೇ ಪರೀಕ್ಷಿಸಿದರು. ಗೆದ್ದರೂ ಸೋತರೂ ಅವು ಮನುಷ್ಯನ ಮೇಲೆ ಜೋರು ಮಾಡಲು ಹೊರಡಲಿಲ್ಲ. ಎರಡು ನಿಯಮ ಇದ್ದರೆ ಸಾಕು. ‘ಬಿಡು’ ಅಂದಾಗ ಬಿಡಬೇಕು, ಬಿಟ್ಟ ತಕ್ಷಣ ಆಟ ಮತ್ತೆ ಶುರು. ಹಲ್ಲು ಕೈಗೆ ತಾಗಿದರೆ ಅಲ್ಲಿಗೇ ಆಟ ಬಂದ್, ಬೈಗುಳ ಬೇಡ. ಹಗ್ಗವನ್ನು ಮೇಲಕ್ಕೆ ಜಗ್ಗಿ ಅವನ ಕುತ್ತಿಗೆ ಎತ್ತಬೇಡಿ.

ಸಾಮಾನಿನ ಹೆಸರು ಕಲಿಸುವುದು ನನಗೆ ಇಷ್ಟವಾದ ಆಟ. ಅಮೆರಿಕದಲ್ಲಿ ಚೇಸರ್ ಎಂಬ ಬಾರ್ಡರ್ ಕಾಲಿ ನಾಯಿ 1,022 ಆಟಿಕೆಗಳ ಹೆಸರು ಕಲಿತಿತ್ತು. ಬ್ರೂನೋಗೆ ಅಷ್ಟೆಲ್ಲ ಬೇಡ, ಐದು ಸಾಕು. ಮೊದಲು ‘ಹಗ್ಗ’. ಹಗ್ಗ ಒಂದೇ ಇಟ್ಟು, ಅದನ್ನು ಮೂಸಿದಾಗ ಹೆಸರು ಹೇಳಿ ಕಾಳು ಕೊಡಿ. ಅದು ಗಟ್ಟಿಯಾದ ಮೇಲೆ ಪಕ್ಕದಲ್ಲಿ ಅವನಿಗೆ ಆಸಕ್ತಿ ಇಲ್ಲದ ಇನ್ನೊಂದು ವಸ್ತು ಇಟ್ಟು ‘ಹಗ್ಗ ತಾ’ ಅನ್ನಿ. ಹೀಗೆ ಬೆಳೆಸಿದರೆ ಪೇಪರನ್ನು ಮಾವನವರಿಗೆ ಒಯ್ದು ಕೊಡುವುದು, ಚಪ್ಪಲಿಯನ್ನು ಬುಟ್ಟಿಗೆ ಹಾಕುವುದು ಎಲ್ಲ ಸಾಧ್ಯ. ಹೊರುವ ಚಪಲವಿದ್ದವನಿಗೆ ಹೊರುವ ನೌಕರಿ ಸಿಕ್ಕಂತೆ ಆಯ್ತಲ್ವಾ? ಮತ್ತೆ, ನಾಯಿಗೆ ಇಂಗ್ಲಿಷೇ ಆಗಬೇಕು ಅಂತ ಏನೂ ಇಲ್ಲ. ‘ಕೂರು’, ‘ತಾ’, ‘ಬಿಡು’ ಚೆನ್ನಾಗೇ ತಿಳಿಯುತ್ತದೆ. ಆದರೆ ನೀವು ಒಂದು, ಯಜಮಾನರು ಒಂದು, ಮಾವನವರು ಇನ್ನೊಂದು ಪದ ಬಳಸಿದರೆ ಅವನೇನು ಮಾಡಬೇಕು? ಮನೆಮಂದಿ ಕೂತು ಒಂದು ಪದ ಗೊತ್ತು ಮಾಡಿಕೊಳ್ಳಿ.

ಕುಂಡದ ಮಣ್ಣಿನ ವಿಷಯ ಬೇಗ ಮುಗಿಸುತ್ತೇನೆ. ಹಿತ್ತಲಲ್ಲಿ ನೆರಳಿರುವ ಒಂದು ಮೂಲೆಗೆ ಮರಳು ಹಾಕಿಸಿ, ಅವನ ಆಟಿಕೆ ಅರ್ಧ ಹೂತಿಡಿ. ಅಲ್ಲಿ ಕೆದರಿದರೆ ಶಾಬಾಸ್, ಕುಂಡದ ಹತ್ತಿರ ಹೋದರೆ ಅಲ್ಲಿಗೆ ಕರೆತನ್ನಿ. ಜಾಗ ಇಲ್ಲದಿದ್ದರೆ ಕುಂಡ ಎತ್ತರಕ್ಕೆ ಇಡಿ.

ಈ ಬಿಸಿಲಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿ ಸ್ವಲ್ಪ ಬೆವರು, ಉಳಿದದ್ದೆಲ್ಲ ತೇಕುವುದರಿಂದಲೇ ತಂಪಾಗಬೇಕು. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾದರೆ ತೇಕಿದರೂ ಅಷ್ಟು ಪ್ರಯೋಜನ ಆಗಲ್ಲ. ಚೆಂಡಿನ ಹುಚ್ಚಿರುವ ನಾಯಿಗೆ ಇನ್ನೊಂದು ಅಪಾಯ: ತಾನಾಗಿ ನಿಲ್ಲಿಸುವುದೇ ಇಲ್ಲ, ಬೀಳುವವರೆಗೆ ಓಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬಯಲಾಟ ಬೆಳಗಿನ ಆರೂವರೆಯೊಳಗೆ ಮುಗಿಯಲಿ. ಸಂಜೆ ಕತ್ತಲಾದ ಮೇಲೂ ಡಾಂಬರು ಕಾದೇ ಇರುತ್ತದೆ. ಅಂಗೈ ತಿರುಗಿಸಿ ಕೈಯ ಮೇಲ್ಭಾಗವನ್ನು ರಸ್ತೆಗೆ ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ಅವನ ಪಾದಕ್ಕೂ ತಡೆಯದು.

ವಾಕಿಂಗ್ ಅಂದರೆ ಕಿಲೋಮೀಟರ್ ಲೆಕ್ಕ ಬೇಡ. ಬೆಳಿಗ್ಗೆ ಇಪ್ಪತ್ತು ನಿಮಿಷ ಹಗ್ಗ ಸಡಿಲ ಬಿಟ್ಟು ಅವನು ಮೂಸಿದ ಕಡೆ ನೀವು ನಿಲ್ಲಿ. ಒಂದು ಲೈಟು ಕಂಬಕ್ಕೆ ಎರಡು ನಿಮಿಷ ಹಿಡಿದರೂ ಎಳೆಯಬೇಡಿ. ಯಾವ ಓಣಿಯ ನಾಯಿ ಬಂದಿತ್ತು, ಯಾವಾಗ ಬಂದಿತ್ತು, ಎಲ್ಲ ಸಮಾಚಾರ ಅವನಿಗೆ ಅಲ್ಲೇ ಸಿಗುತ್ತದೆ. ಬೀದಿನಾಯಿಗಳ ಗುಂಪಿರುವ ಓಣಿ ಬಿಟ್ಟು ಬೇರೆ ದಾರಿ ಹಿಡಿಯಿರಿ.

ಮಧ್ಯಾಹ್ನಕ್ಕೆ ಮಂಜುಗಡ್ಡೆಯ ಆಟ ಇದೆ. ಹಳೇ ಸ್ಟೀಲ್ ಬಟ್ಟಲಲ್ಲಿ ಉಪ್ಪಿಲ್ಲದ ತೆಳು ಮಜ್ಜಿಗೆ, ಒಂದಿಷ್ಟು ಕಾಳು, ಸವತೆಕಾಯಿ ಚೂರು ಹಾಕಿ ಗಟ್ಟಿ ಮಾಡಿ. ಬಚ್ಚಲಮನೆಯ ನೆಲದ ಮೇಲೆ ಕೊಟ್ಟರೆ ಬಹಳ ಹೊತ್ತು ನೆಕ್ಕುತ್ತಾ ಕೂರುತ್ತಾನೆ. ಜೋರು ತೇಕು, ಗೊಜ್ಜಿನಂಥ ಜೊಲ್ಲು, ಒಸಡು ಕಡುಕೆಂಪು, ತೂರಾಟ, ವಾಂತಿ ಕಂಡರೆ ಬಿಸಿಲು ಬಡಿದಿದೆ ಅಂತ ತಿಳಿಯಿರಿ. ನಾಯಿಯ ಮೈ ಸಹಜವಾಗಿ 38.3ರಿಂದ 39.2 ಡಿಗ್ರಿ ಇರುತ್ತದೆ, 41 ಅಂದರೆ ಜೀವಕ್ಕೆ ಅಪಾಯ. ತಕ್ಷಣ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯುತ್ತಾ ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಮುಧೋಳ ನಾಯಿ ಸಾಕಿದವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ನಿಮ್ಮ ನಾಯಿ ಚೆಂಡು ತಂದುಕೊಡಲಿಲ್ಲ ಅಂತ ದಡ್ಡ ಅನ್ನಬೇಡಿ. ಅದು ಕಣ್ಣಿನಿಂದ ಬೇಟೆಯಾಡುವ ತಳಿ, ಅಟ್ಟಿಸಿಕೊಂಡು ಹೋಗುವುದರಲ್ಲೇ ಅದರ ಸುಖ. ಉದ್ದ ಕೋಲಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆ ಕಟ್ಟಿ ನೆಲದ ಮೇಲೆ ಹಾವಿನಂತೆ ಎಳೆಯಿರಿ. ಎರಡು ಮೂರು ನಿಮಿಷ ಸಾಕು, ಕೊನೆಗೆ ಹಿಡಿಯಲು ಬಿಡಿ. ಲೇಸರ್ ಲೈಟು ತೋರಿಸಿ ಓಡಿಸುವುದು ಯಾವ ನಾಯಿಗೂ ಬೇಡ. ಹಿಡಿಯಲು ಏನೂ ಸಿಗದೆ, ಗೋಡೆ ಮೇಲಿನ ನೆರಳು ಬೆಳಕನ್ನೆಲ್ಲ ಅಟ್ಟುವ ಗೀಳು ಹತ್ತುತ್ತದೆ. ಈ ತಳಿಯ ಬಗ್ಗೆ ಹೆಚ್ಚು ಬೇಕಾದರೆ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರ ಇದೆ.

ಎಷ್ಟು ಹೊತ್ತು ಆಡಿಸಬೇಕು ಅಂದಿರಿ. ಐದರಿಂದ ಹತ್ತು ನಿಮಿಷದ ಆಟ, ದಿನಕ್ಕೆ ನಾಲ್ಕು ಸಲ, ಜೊತೆಗೆ ಒಂದು ಮೂಸುವ ವಾಕಿಂಗ್. ಇಷ್ಟೇ. ದೊಡ್ಡ ನಾಯಿಗೂ ದಿನಕ್ಕೆ 12–14 ತಾಸು ನಿದ್ದೆ ಬೇಕು. ಮಲಗಿದ್ದವನನ್ನು ‘ಪಾಪ ಬೋರಾಗಿದೆ’ ಅಂತ ಎಬ್ಬಿಸಿ ಆಡಿಸುವವರೂ ಇದ್ದಾರೆ. ಬೇಡ. ಆಟದ ನಡುವೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಬೆನ್ನು ತಿರುಗಿಸಿ ಹೋದರೆ ಸಾಕಾಯಿತು ಅಂತ ಅರ್ಥ.

ಸರಪಳಿ ಬೇಡ ಅಂತ ಮಾವನವರಿಗೆ ನನ್ನ ಹೆಸರಲ್ಲೇ ಹೇಳಿ. ಕಟ್ಟಿ ಹಾಕಿದ ನಾಯಿಯ ಶಕ್ತಿ ಕಡಿಮೆಯಾಗುವುದಿಲ್ಲ, ಬೊಗಳಾಟಕ್ಕೆ ತಿರುಗುತ್ತದೆ, ಮುಂದೆ ಹತ್ತಿರ ಬಂದವರ ಮೇಲೆ ಎಗರುವುದಕ್ಕೂ ತಿರುಗಬಹುದು. ನಾಯಿಯನ್ನು ಸದಾ ಕಟ್ಟಿಯೇ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ತಪ್ಪು. ಸೋಫಾ ಇರುವ ಕೋಣೆಗೆ ಮಕ್ಕಳ ಗೇಟು ಹಾಕಿಸಿ, ವೈರು, ಚಪ್ಪಲಿ ಮೇಲೆ ಇಡಿ. ನಾದಿನಿಯ ಸಲಹೆಯನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಇವನಿಗೆ ಎರಡು ವರ್ಷ ತುಂಬಲಿ, ಮಾತು ಕೇಳಲಿ, ಆಮೇಲೆ ಯೋಚಿಸಿ. ಈಗ ತಂದರೆ ಮರಿ ಇವನಿಂದಲೇ ಎಲ್ಲ ಕಲಿಯುತ್ತದೆ, ಸೋಫಾ ಹರಿಯುವುದನ್ನೂ.

ಕೊನೆಗೆ ಒಂದು ಪರೀಕ್ಷೆ. ನೀವಿಬ್ಬರೂ ಹೊರಟ ಮೇಲೆ ಅವನೇನು ಮಾಡುತ್ತಾನೆ ಅಂತ ಒಂದು ಹಳೇ ಫೋನ್ ಇಟ್ಟು ವೀಡಿಯೊ ಮಾಡಿ, ಮೊದಲ ಅರ್ಧ ತಾಸು ಸಾಕು. ಸ್ವಲ್ಪ ಹೊತ್ತು ಮಲಗಿ, ಆಮೇಲೆ ಎದ್ದು ಚಪ್ಪಲಿ ಹುಡುಕಿದರೆ ಅದು ಬರೀ ಬೇಜಾರು, ಮೇಲಿನ ಆಟಗಳು ಸಾಕು. ನೀವು ಬಾಗಿಲು ಹಾಕಿದ ಕೂಡಲೇ ಅತ್ತಿತ್ತ ತಿರುಗಾಟ, ಊಳಿಡುವುದು, ಬಾಗಿಲ ಚೌಕಟ್ಟು ಕೆರೆಯುವುದು, ಜೊಲ್ಲು, ಮುಂದೆ ಇಟ್ಟ ಮೊಸರನ್ನವನ್ನೂ ಮುಟ್ಟದಿರುವುದು ಕಂಡರೆ ಅದು ಬೇರೆ ವಿಷಯ. ಅದು ನಿಮ್ಮನ್ನು ಬಿಟ್ಟಿರಲಾಗದ ಹೆದರಿಕೆ. ಮಾವನವರು ಮನೆಯಲ್ಲಿದ್ದರೂ ಅದು ಇರಬಹುದು. ಅದಕ್ಕೆ ಆಟ ಮದ್ದಲ್ಲ. ಎರಡು ನಿಮಿಷ, ಐದು ನಿಮಿಷ ಅಂತ ಒಂಟಿತನಕ್ಕೆ ರೂಢಿ ಮಾಡಿಸಬೇಕು, ಕೆಲವು ನಾಯಿಗಳಿಗೆ ಔಷಧವೂ ಬೇಕಾಗುತ್ತದೆ. ಆ ವೀಡಿಯೊವನ್ನು ಹಾಗೇ ನಿಮ್ಮ ಪಶುವೈದ್ಯರಿಗೆ ತೋರಿಸಿ.